ಹೆಬ್ಬೆಟ್ಟು ಮಿಸ್

ನಮ್ಮಕ್ಕನಿಗೆ ಸಿಟ್ಟು ಜಾಸ್ತಿ ಎಂದು ಎಲ್ಲರೂ ಹೇಳುತ್ತಾರೆ. ಹೇಳಲಿ. ಅವಳ ಜಾಗದಲ್ಲಿ ನಿಂತಿದ್ದರೆ ಅವರಿಗೂ ಮೂಗಿನ ತುದಿಯಲ್ಲೇ ಸಿಟ್ಟು ಕೂತಿರುತ್ತಿತ್ತು. ನಾನು ಅವಳ ತಂಗಿ. ಅವಳು ಪಾಠ ಮಾಡುವ ತರಬೇತಿ ಶಾಲೆಯಲ್ಲೇ ಮುಂಬಾಗಿಲ ಮೇಜಿನಲ್ಲಿ ಕೂತು ಫೋನ್ ಎತ್ತುವವಳು. ಹಾಗಾಗಿ ಇದು ಯಾರೋ ಹೇಳಿ ಕೇಳಿದ ಕತೆಯಲ್ಲ, ಕಣ್ಣಾರೆ ಕಂಡದ್ದು. ಹೇಳುವಾಗ ನನ್ನ ಸಿಟ್ಟೂ ಸೇರಿಕೊಂಡರೆ ಯಾರೂ ಬೇಸರ ಮಾಡಿಕೊಳ್ಳಬಾರದು. ಅದು ನಮ್ಮ ಮನೆತನದ ಆಸ್ತಿ. ಬೇರೆ ಆಸ್ತಿಯನ್ನು ಅಪ್ಪ ಬಿಟ್ಟು ಹೋಗಲಿಲ್ಲ.

ರೋಗಿಗಳನ್ನು, ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಹುಡುಗಿಯರನ್ನು ತಯಾರು ಮಾಡುವ ಶಾಲೆ ಅದು. ಕಲಿತವರು ದೂರದ ಊರುಗಳಿಗೆ ಹೋಗುತ್ತಾರೆ. ಅಲ್ಲಿ ಇಂಗ್ಲಿಷ್ ಬಿಟ್ಟರೆ ಗತಿಯಿಲ್ಲ. ಅಕ್ಕ ಕಲಿಸುವುದು ಆ ಇಂಗ್ಲಿಷನ್ನು ಬಾಯಲ್ಲಿ ಆಡುವ ಬಗೆ, ಅದರಲ್ಲೂ ಪದದ ಯಾವ ಭಾಗವನ್ನು ಒತ್ತಿ ಹೇಳಬೇಕು ಎನ್ನುವುದು. ನಾವು ಮಾತಾಡುವಾಗ ಎಲ್ಲ ಅಕ್ಷರಕ್ಕೂ ಹೆಚ್ಚುಕಮ್ಮಿ ಸಮಪಾಲು ಕೊಡುತ್ತೇವೆ. ಇಂಗ್ಲಿಷಿನಲ್ಲಿ ಹಾಗಲ್ಲ. ಒಂದು ಭಾಗ ಎದೆಯುಬ್ಬಿಸಿ ನಿಲ್ಲುತ್ತದೆ, ಮಿಕ್ಕವು ಅರ್ಧ ನುಂಗಿಹೋಗುತ್ತವೆ. 'ಎಮರ್ಜೆನ್ಸಿ' ಎನ್ನುವಾಗ 'ಮರ್' ಮೇಲೆ ಭಾರ ಬೀಳದಿದ್ದರೆ ಫೋನಿನ ಆ ಕಡೆ ಇರುವವರಿಗೆ ಏನೂ ತಿಳಿಯುವುದಿಲ್ಲ. ಈ ಕಡೆ ಮುದುಕರೊಬ್ಬರು ಉಸಿರಿಗೆ ಒದ್ದಾಡುತ್ತಿರುತ್ತಾರೆ.

ಮೊದಲ ದಿನದ ತರಗತಿಯಲ್ಲಿ ಅಕ್ಕ ಇದನ್ನು ವಿವರಿಸುವ ಬಗೆ ಬೇರೆ. ನಮ್ಮ ಮನೆಯಲ್ಲಿ ಅಪ್ಪ ಇದ್ದ ಹಾಗೆ ಎನ್ನುತ್ತಾಳೆ. ಒಬ್ಬರ ಧ್ವನಿ ಮಾತ್ರ ಕೇಳಬೇಕು, ಉಳಿದವರು ಇದ್ದೂ ಇಲ್ಲದ ಹಾಗಿರಬೇಕು. ಹುಡುಗಿಯರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಅಪ್ಪನ ಎದುರು ನಾವಿಬ್ಬರೂ ಕೈ ಹಿಂದೆ ಕಟ್ಟಿಕೊಂಡು ನಿಂತೇ ಮಾತಾಡಬೇಕಿತ್ತು. ಅಮ್ಮನಿಗೆ ಅಷ್ಟೂ ಅವಕಾಶ ಇರಲಿಲ್ಲ.

ಓದು ಮುಗಿಸಿ ಅಕ್ಕ ಮೊದಲ ಕೆಲಸದ ಸಂದರ್ಶನಕ್ಕೆ ಹೋಗಿದ್ದಳು. 'ಡೆವಲಪ್' ಎನ್ನುವ ಪದದಲ್ಲಿ ಭಾರವನ್ನು ಮೊದಲಿಗೇ ಹಾಕಿಬಿಟ್ಟಳು. ಎದುರಿಗಿದ್ದವರು ಮುಖಮುಖ ನೋಡಿಕೊಂಡರು. ಒಬ್ಬರು ಇನ್ನೊಮ್ಮೆ ಹೇಳಮ್ಮ ಎಂದರು. ತಪ್ಪು ತಿದ್ದಲು ಕೇಳುತ್ತಿದ್ದಾರೆ ಎಂದುಕೊಂಡು ಇವಳು ಇನ್ನೂ ಗಟ್ಟಿಯಾಗಿ, ಇನ್ನೂ ತಪ್ಪಾಗಿ ಹೇಳಿದಳು. ಅವರು ನಕ್ಕರು. ಸರಿ ಹೇಗೆ ಎಂದು ಒಬ್ಬರೂ ಹೇಳಿಕೊಡಲಿಲ್ಲ. ಮನೆಗೆ ಬಂದು ಚಪ್ಪಲಿಯನ್ನು ಗೋಡೆಗೆ ಎಸೆದದ್ದು ನನಗೆ ನೆನಪಿದೆ. ಆಮೇಲೆ ರೇಡಿಯೋ ಮುಂದೆ ಕೂತಳು. ವಾರ್ತೆ ಓದುವವರ ಬಾಯಿಂದ ಒಂದೊಂದೇ ಪದ ಹೆಕ್ಕಿ ಕಲಿತಳು. ಎಷ್ಟೋ ವರ್ಷ ಕಳೆದು ಇಷ್ಟು ಕಲಿತ ಮೇಲೂ ಆ ನಗು ಅವಳ ಕಿವಿಯಿಂದ ಹೋಗಿಲ್ಲ. ತರಗತಿಯಲ್ಲಿ ಯಾರಾದರೂ ತಪ್ಪು ಹೇಳಿದರೆ ಬೈಯುತ್ತಾಳೆ. ತಪ್ಪಿಗೆ ನಕ್ಕವರನ್ನು ಮಾತ್ರ ಎದ್ದು ಆಚೆ ಹೋಗು ಎನ್ನುತ್ತಾಳೆ.

ವರ್ಷಗಟ್ಟಲೆ ಕಿರುಚಿ ಅವಳ ಗಂಟಲಲ್ಲಿ ಗಂಟು ಬಂತು. ಇನ್ನು ಕೂಗಿದರೆ ಇರುವ ಧ್ವನಿಯೂ ಹೋಗುತ್ತದೆ ಎಂದರು ಡಾಕ್ಟರು. ಆಗ ಅವಳು ಕಂಡುಕೊಂಡದ್ದೇ ಹೆಬ್ಬೆರಳಿನ ಉಪಾಯ. ಪದದ ತುಂಡುಗಳನ್ನು ತೋರುಬೆರಳಿಂದ ಶುರುಮಾಡಿ ಬೆರಳಿಗೊಂದರಂತೆ ಹಂಚಬೇಕು. ಯಾವ ತುಂಡಿಗೆ ಭಾರವೋ ಆ ಬೆರಳನ್ನು ಹೆಬ್ಬೆರಳಿಂದ ಒತ್ತಬೇಕು. 'ಹಾಸ್ಪಿಟಲ್' ಎಂದರೆ ತೋರುಬೆರಳು. 'ಎಮರ್ಜೆನ್ಸಿ' ಎಂದರೆ ನಡುಬೆರಳು. ಬಾಯಿ ಮರೆತರೂ ಕೈ ಮರೆಯುವುದಿಲ್ಲ ಎನ್ನುವುದು ಅವಳ ಲೆಕ್ಕ. ಹುಡುಗಿಯರು ಬಸ್ಸಿಗೆ ಕಾಯುವಾಗ, ಚಹಾ ಕುಡಿಯುವಾಗ, ಯಾರಾದರೂ ಒಂದು ಇಂಗ್ಲಿಷ್ ಪದ ಆಡಿದರೆ ಸಾಕು, ತಮಗೇ ಗೊತ್ತಿಲ್ಲದೆ ಬೆರಳು ಒತ್ತಿಕೊಳ್ಳುತ್ತಿದ್ದರು. ಬೆನ್ನ ಹಿಂದೆ ಅವಳಿಗೆ 'ಹೆಬ್ಬೆಟ್ಟು ಮಿಸ್' ಎಂದು ಹೆಸರಿಟ್ಟರು. ಇಂಗ್ಲಿಷ್ ಕಲಿಸುವವಳನ್ನು ಓದು ಬರಹ ಇಲ್ಲದವಳ ಹೆಸರಿಂದ ಕರೆಯುವುದಾ ಎಂದು ನಾನು ಉರಿದುಬಿದ್ದೆ. ಅಕ್ಕ ಮಾತ್ರ, ಅಮ್ಮ ಹೆಬ್ಬೆಟ್ಟು ಒತ್ತಿಯೇ ನಮ್ಮನ್ನು ಸಾಕಿದ್ದು, ಇರಲಿ ಬಿಡು ಎಂದಳು.

ಈ ಸಲದ ಬಾಯಿಪರೀಕ್ಷೆಗೆ ಪರೀಕ್ಷಾ ಮಂಡಳಿಯಿಂದ ಪರೀಕ್ಷಕರೊಬ್ಬರು ಬಂದರು. ಪ್ರಾಂಶುಪಾಲರ ಕೋಣೆಯಲ್ಲೇ ಅವರಿಗೆ ಜಾಗ. ಆ ಕೋಣೆಯ ಗಾಜಿನ ಬಾಗಿಲ ಬಗ್ಗೆ ಹೇಳಲೇಬೇಕು. ಅದಕ್ಕೆ ಮಂಜು ಬಣ್ಣದ ಕಾಗದ ಅಂಟಿಸಿದೆ, ಆದರೆ ಮೇಲಿಂದ ಸೊಂಟದವರೆಗೆ ಮಾತ್ರ; ಕೆಳಗಿನ ಗಾಜು ಬರಿದು. ಒಳಗೆ ಕೂತವರಿಗೆ ಹೊರಗಿನ ಬೆಂಚಿನಲ್ಲಿ ಕೂತವರ ಮುಖ ಕಾಣುವುದಿಲ್ಲ, ಮಡಿಲಲ್ಲಿಟ್ಟ ಕೈ ಕಾಣುತ್ತದೆ. ಚಿಲಕ ಕೆಟ್ಟು ಬಾಗಿಲು ಸದಾ ಒಂದಿಷ್ಟು ತೆರೆದೇ ಇರುತ್ತದೆ. ಒಳಗಿನ ಮಾತೆಲ್ಲ ಹೊರಗೆ. ಚಿಲಕ ಸರಿ ಮಾಡಿಸಿ ಎಂದು ನಾನು ಹೇಳಿ ಹೇಳಿ ಸಾಕಾಗಿತ್ತು. ನೋಡೋಣ ಎನ್ನುವುದು ಪ್ರಾಂಶುಪಾಲರ ಏಕೈಕ ಉತ್ತರ.

ಪರೀಕ್ಷೆ ಎಂದರೆ ಇಷ್ಟೇ. ಪರೀಕ್ಷಕರು ಪದವಿರುವ ಚೀಟಿ ತೋರಿಸುತ್ತಾರೆ, ಹುಡುಗಿ ಅದನ್ನು ಹೇಳಿ, ಅದನ್ನೇ ಬಳಸಿ ಒಂದು ವಾಕ್ಯ ಆಡಬೇಕು. ಒಳಗೆ ಹುಡುಗಿ 'ಮೆಡಿಸಿನ್' ಎಂದಳು. ಹೊರಗೆ ಬೆಂಚಿನ ಉದ್ದಕ್ಕೂ ಹೆಬ್ಬೆರಳುಗಳು ತೋರುಬೆರಳಿಗೆ ಹೋದವು. ಪರೀಕ್ಷಕರು ಗಾಜಿನಾಚೆ ನೋಡಿದರು. ತಲೆಯಿಲ್ಲದ ಕೈಗಳು, ಎಲ್ಲವೂ ಒಂದೇ ಸನ್ನೆ. ಒಳಗಿದ್ದವಳ ಕೈಯಲ್ಲೂ ಅದೇ. ಅವರು ಪ್ರತಿ ಪದಕ್ಕೂ ಗಾಜಿನಾಚೆ ನೋಡುತ್ತಾ ಹೋದರು. ಕೊನೆಗೆ ಒಬ್ಬಳು ಉಳಿದಿದ್ದಾಗ ಎದ್ದು, ಇಲ್ಲಿ ಸನ್ನೆ ಮಾಡಿ ಉತ್ತರ ಹೇಳಿಕೊಡುತ್ತಿದ್ದಾರೆ, ಇಡೀ ತರಗತಿಯ ಅಂಕ ತಡೆಹಿಡಿದಿದ್ದೇನೆ ಎಂದರು.

ಉಳಿದವಳು ಚೂಟಿ. ತರಗತಿ ಇಟ್ಟ ಹೆಸರು, ಕೈಕಾಲು ಚುರುಕು ಎಂದು. ದೂರದ ವೃದ್ಧಾಶ್ರಮವೊಂದು ಅವಳಿಗೆ ಕೆಲಸ ಕೊಡಲು ಒಪ್ಪಿತ್ತು. ಪ್ರಮಾಣಪತ್ರ ಹಿಡಿದು ಹೋಗಬೇಕಿತ್ತು, ಇಲ್ಲದಿದ್ದರೆ ಆ ಜಾಗ ಇನ್ನೊಬ್ಬರಿಗೆ. ಅವಳು ನನ್ನ ಮೇಜಿನ ಹತ್ತಿರ ಬಂದು, ನಾವೇನು ಮಾಡಿದ್ವಿ ಅಂತ ಕೇಳಿದಳು. ನನಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಆ ಬಾಗಿಲನ್ನು ಒದೆಯಬೇಕು ಅನ್ನಿಸಿತು.

ಅಕ್ಕ ಸಂಜೆಯವರೆಗೂ ವಿವರಿಸಿದಳು. ಪ್ರಾಂಶುಪಾಲರಿಗೆ ಅದು ಬೇಕಿರಲಿಲ್ಲ. ಅವರಿಗೆ ಬೇಕಿದ್ದದ್ದು ಶಾಲೆಯ ಹೆಸರು. ಹುಡುಗಿಯರು ತಪ್ಪು ಮಾಡಿದ್ದಾರೆ ಎಂದು ಅಕ್ಕ ನಾಳೆ ಪರೀಕ್ಷಕರ ಎದುರು ಒಪ್ಪಿಕೊಂಡರೆ ಮಾತು ಅಲ್ಲಿಗೇ ಮುಗಿಯುತ್ತದೆ, ಹುಡುಗಿಯರು ಮುಂದಿನ ವರ್ಷ ಮತ್ತೆ ಕೂರಲಿ. ಒಪ್ಪದಿದ್ದರೆ ದೂರು ಮಂಡಳಿಗೆ ಹೋಗುತ್ತದೆ, ಅಕ್ಕ ಮನೆಗೆ ಹೋಗುತ್ತಾಳೆ. ನನ್ನನ್ನೂ ಕರೆದು, ನಿಮ್ಮ ಅಕ್ಕನಿಗೆ ಸ್ವಲ್ಪ ಬುದ್ಧಿ ಹೇಳಿ ಎಂದರು. ಬುದ್ಧಿ ಯಾರಿಗೆ ಹೇಳಬೇಕಿತ್ತು ಎನ್ನುವುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಬಾಡಿಗೆ ನೆನಪಾಗಿ ನುಂಗಿಕೊಂಡೆ. ಆ ನುಂಗಿದ್ದು ಇನ್ನೂ ಗಂಟಲಲ್ಲೇ ಇದೆ.

ಮರುದಿನ ಬೆಳಗ್ಗೆ ಹುಡುಗಿಯರನ್ನೆಲ್ಲ ಅದೇ ಬೆಂಚಿನಲ್ಲಿ ಕೂರಿಸಿದರು. ಜಾಗ ಸಾಲದೆ ಕೆಲವರು ನೆಲದಲ್ಲಿ ಕೂತರು. ಒಳಗೆ ಪರೀಕ್ಷಕರು, ಪ್ರಾಂಶುಪಾಲರು, ಅಕ್ಕ. ಚಹಾ ತಟ್ಟೆ ಹಿಡಿದು ನಾನೂ ಒಳಗೆ ಹೋದೆ, ಹೋದವಳು ಆಚೆ ಬರಲಿಲ್ಲ. ಯಾರೂ ಹೋಗು ಎನ್ನಲಿಲ್ಲ.

ಪ್ರಾಂಶುಪಾಲರು ಮೆತ್ತಗೆ, "ಒಂದು ಮಾತು ತಪ್ಪಾಯ್ತು ಅಂದ್ಬಿಡಿ ಮೇಡಂ, ಮುಗೀತು" ಎಂದರು.

ಅಕ್ಕ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಅಪ್ಪ ಸತ್ತ ಮೇಲೆ ಅವಳು ಹಾಗೆ ನಿಂತದ್ದನ್ನು ನಾನು ನೋಡಿರಲಿಲ್ಲ. ಈಗ ಹೇಳಿಬಿಡುತ್ತಾಳೆ ಎಂದುಕೊಂಡೆ.

"ತಪ್ಪು ಮಾಡಿದ್ರೆ ಹೇಳ್ತಿದ್ದೆ," ಎಂದಳು ಅಕ್ಕ. ಧ್ವನಿ ಒಡೆದಿತ್ತು. "ಅವರು ಉತ್ತರ ಹೇಳಿಕೊಡ್ತಿರ್ಲಿಲ್ಲ ಸರ್. ಕೇಳಿಸಿಕೊಳ್ತಿದ್ರು. ಮಾತು ಕಿವಿಗೆ ಬಿದ್ರೆ ಅವರ ಕೈ ಸುಮ್ನಿರಲ್ಲ. ನಾನೇ ಹಾಗೆ ಕಲಿಸಿದ್ದು. ಅದಕ್ಕೆ ಕೆಲಸ ಹೋಗೋದಾದ್ರೆ ನಂದು ಹೋಗ್ಲಿ. ಅವರ ಅಂಕ ಮುಟ್ಟಬೇಡಿ."

ಪರೀಕ್ಷಕರ ಮುಖ ಕೆಂಪಾಯಿತು. ಇಷ್ಟು ಜನ ಒಟ್ಟಿಗೆ ಅದೇ ಬೆರಳನ್ನು ಸುಮ್ಮನೆ ಒತ್ತಿಕೊಳ್ಳುತ್ತಾರೆಯೇ, ನನ್ನನ್ನು ಏನೆಂದುಕೊಂಡಿದ್ದೀರಿ ಎಂದು ದನಿ ಏರಿಸಿದರು. ಕೊನೆಗೆ ಮೇಜಿಗೆ ಗುದ್ದಿ, "ರಿಡಿಕ್ಯುಲಸ್" ಎಂದರು.

ಆ ಪದ ತೆರೆದ ಬಾಗಿಲಿಂದ ಆಚೆ ಹೋಯಿತು. ಗಾಜಿನ ಕೆಳಭಾಗದಲ್ಲಿ, ಬೆಂಚಿನ ಮೇಲೆ, ನೆಲದ ಮೇಲೆ, ಎಲ್ಲ ಮಡಿಲಲ್ಲೂ ಹೆಬ್ಬೆರಳುಗಳು ಎದ್ದು ನಡುಬೆರಳಿಗೆ ಹೋಗಿ ಒತ್ತಿಕೊಂಡವು. ಚೀಟಿ ಇರಲಿಲ್ಲ, ಪರೀಕ್ಷೆ ಇರಲಿಲ್ಲ, ಆ ಪದವನ್ನು ಯಾರೂ ಅವರಿಗೆ ಕಲಿಸಿರಲೂ ಇಲ್ಲ. ನಾನು ಅಕ್ಕನ ಬೆನ್ನ ಹಿಂದೆ ನೋಡಿದೆ. ಅವಳ ಹೆಬ್ಬೆರಳೂ ಅಲ್ಲೇ ಇತ್ತು.

ಪರೀಕ್ಷಕರು ಗಾಜನ್ನೇ ನೋಡುತ್ತಿದ್ದರು. ಮುಷ್ಟಿ ಮೇಜಿನ ಮೇಲೇ ಉಳಿದಿತ್ತು. ಅದನ್ನು ಕೆಳಗಿಳಿಸಿ, "ಕೊಟ್ಟ ಅಂಕ ಹಾಗೇ ಇರಲಿ. ಉಳಿದವಳನ್ನ ಕಳಿಸಿ" ಎಂದರು. ಕ್ಷಮಿಸಿ ಎನ್ನಲಿಲ್ಲ. ಅಂಥವರ ಬಾಯಿಗೆ ಆ ಪದ ಯಾವ ಭಾಷೆಯಲ್ಲೂ ಬರುವುದಿಲ್ಲ. ನಿನ್ನೆಯಿಂದ ಒಂದು ತುತ್ತೂ ಇಳಿಯದೆ ಕೂತಿದ್ದ ಹುಡುಗಿಯರಿಗೆ ಈ ಮನುಷ್ಯ ಕೊಟ್ಟದ್ದು ಅವರದೇ ಅಂಕ. ಪ್ರಾಂಶುಪಾಲರು ಮಾತ್ರ ಎಲ್ಲವೂ ತಮ್ಮಿಂದಲೇ ಸರಿಹೋಯಿತು ಎನ್ನುವ ಹಾಗೆ ಚಹಾ ಎತ್ತಿಕೊಂಡರು. ಆರಿಹೋಗಿತ್ತು. ಕುಡಿಯಲಿ ಎಂದು ಬಿಟ್ಟೆ.

ಅಕ್ಕ ಆಚೆ ಬಂದಳು. ಹುಡುಗಿಯರು ಎದ್ದು ನಿಂತರು, ಕೆಲವರು ಅಳುತ್ತಿದ್ದರು. ತಬ್ಬಿಕೊಳ್ಳುತ್ತಾಳೆ ಎಂದು ನಾನು ಕಾದೆ. ಅವಳ ಕಣ್ಣು ಕೆಂಡವಾಗಿತ್ತು.

"ಒಂದು ಹೆಬ್ಬೆರಳು ಉಂಗುರಬೆರಳ ಮೇಲಿತ್ತು," ಎಂದಳು. "ಯಾರದು?"

ಚೂಟಿ ಮೆಲ್ಲಗೆ ಕೈ ಎತ್ತಿದಳು. ಹೆದರಿಕೆಯಲ್ಲಿ ಬೆರಳು ಜಾರಿತು ಮಿಸ್ ಎಂದಳು.

"ಒಳಗೆ ಹೆದರಿಕೆ ಇರಲ್ವಾ? ಫೋನ್ ಹಿಡಿದಾಗ ಇರಲ್ವಾ? ಹೇಳು."

ಚೂಟಿ ಆ ಪದ ಹೇಳಿದಳು. ಸಾಲದು ಎಂದಳು ಅಕ್ಕ, ಬಾಗಿಲ ಕಡೆ ತಿರುಗಿ ಹೇಳು. ಚೂಟಿ ಆ ಮುಚ್ಚದ ಬಾಗಿಲಿಗೆ ಮುಖ ಮಾಡಿ, ನಡುಬೆರಳನ್ನು ಬೆಳ್ಳಗಾಗುವಷ್ಟು ಒತ್ತಿ, ಎರಡನೇ ತುಂಡಿನ ಮೇಲೆ ಎದೆಯ ಭಾರವನ್ನೆಲ್ಲ ಹಾಕಿ ಹೇಳಿದಳು: "ರಿಡಿಕ್ಯುಲಸ್." ಅವಳ ಹಿಂದೆ ಇಡೀ ತರಗತಿ ಕೈ ಮುಂದೆ ಚಾಚಿ ಹೇಳಿತು. ನಾನೂ ಹೇಳಿದೆ. ಒಳಗೆ ಯಾರದೋ ಚಹಾ ಕಪ್ಪು ತಟ್ಟೆಗೆ ಬಡಿಯಿತು.

"ಹಾಂ, ಇವಾಗ ಹೋಗು," ಎಂದಳು ಅಕ್ಕ, ಚೂಟಿಗಾಗಿ ಬಾಗಿಲು ತಳ್ಳಿ ಹಿಡಿದು.