ಎರಡು ಕಡೆಯ ಅಳತೆ

ನನ್ನ ಲಂಗಗಳೆಲ್ಲ ಸೊಟ್ಟಗಿದ್ದವು. ನಾರಾಯಣಪೇಟೆಯಲ್ಲಿ ಆ ಗುಟ್ಟು ಗೊತ್ತಿದ್ದದ್ದು ನನಗೆ ಮತ್ತು ಅವ್ವನಿಗೆ ಮಾತ್ರ. ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ನನ್ನ ಬೆನ್ನು ಡೊಂಕಾಗತೊಡಗಿತ್ತು. ಎಡ ಸೊಂಟ ಮೇಲೆದ್ದು ಲಂಗದ ಅಂಚೂ ಆ ಕಡೆ ಮೇಲಕ್ಕೆ ಹೋಗುತ್ತಿತ್ತು. ಮನೆಯಲ್ಲೇ ಮಿಷನ್ ಇಟ್ಟುಕೊಂಡು ಹೊಲಿಯುತ್ತಿದ್ದ ಅವ್ವ ಎರಡೂ ಕಡೆ ಬೇರೆಬೇರೆ ಅಳೆದು, ಎಡಗಡೆ ಬಟ್ಟೆ ಹೆಚ್ಚು ಬಿಡುತ್ತಿದ್ದಳು. ಉಟ್ಟರೆ ಸುತ್ತಲೂ ಸಮ. ಹಬ್ಬದಿಂದ ಹಬ್ಬಕ್ಕೆ ಎಡಗಡೆಯ ಅಳತೆ ಬೆಳೆಯುತ್ತಿತ್ತು. ಅವ್ವ ಗುರುತು ಹಾಕಿ ಕತ್ತರಿ ಆಡಿಸುತ್ತಿದ್ದಳು. ನನಗೋ ಮೈಯೆಲ್ಲ ಉರಿಯುತ್ತಿತ್ತು.

ಮಗ್ಗದ ಕುಣಿಯಲ್ಲಿ ನೇಯುವ ಅಪ್ಪನ ಪಕ್ಕ ಓರೆಯಾಗಿ ಕೂತು ಬೆನ್ನು ಹೀಗಾಯಿತೆಂದು ಓಣಿಯವರು ತೀರ್ಪು ಕೊಟ್ಟಾಗಿತ್ತು. ಹಾಗಿದ್ದರೆ ನಮ್ಮ ನೇಕಾರರ ಓಣಿಯಲ್ಲಿ ನೆಟ್ಟಗಿರುವವರು ಒಬ್ಬರೂ ಸಿಗುತ್ತಿರಲಿಲ್ಲ. ಹೈದರಾಬಾದಿನ ಡಾಕ್ಟರು ಮಾತ್ರ, ಕಾರಣವೇ ತಿಳಿಯದೆ ಕೆಲವು ಮಕ್ಕಳಿಗೆ ಹೀಗಾಗುತ್ತದೆ ಎಂದರು. ಬಾಗು ಹೆಚ್ಚುತ್ತಿದೆ, ಉಸಿರಾಟಕ್ಕೆ ತೊಂದರೆಯಾಗುತ್ತದೆ, ಆಪರೇಷನ್ ಮಾಡಿ ರಾಡು ಸ್ಕ್ರೂ ಹಾಕಿ ಬೆನ್ನು ನೆಟ್ಟಗೆ ನಿಲ್ಲಿಸಬೇಕು. ನರಕ್ಕೆ ಪೆಟ್ಟಾದರೆ ಕಾಲಿನ ಶಕ್ತಿ ಹೋಗಬಹುದು, ಆದರೆ ಅದು ಅಪರೂಪ ಎಂದೂ ಮುಚ್ಚಿಡದೆ ಹೇಳಿದರು. ಅಪ್ಪನ ಕಿವಿಯಲ್ಲಿ ಉಳಿದದ್ದು ಕಾಲಿನ ಮಾತೊಂದೇ.

ಹಾಗಾಗಿ ನನ್ನನ್ನು ಗದ್ವಾಲಿಗೆ, ಎಣ್ಣೆ ತಿಕ್ಕಿ ಎಲುಬು ಕೂಡಿಸುವ ಒಬ್ಬ ಮುದುಕನ ಹತ್ತಿರ ಕರೆದುಕೊಂಡು ಹೋದ. ಅವನು ಒತ್ತಿದ ಒತ್ತಿಗೆ ಜೀವ ಬಾಯಿಗೆ ಬಂತು. ಬೆನ್ನು ಇದ್ದಲ್ಲೇ ಇತ್ತು. ವಾಪಸು ಬರುವಾಗ ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ನಮ್ಮೂರಿನ ಬಸ್ಸಿಗೆ ಓಡಿದೆ. ಅರ್ಧಕ್ಕೇ ಉಸಿರು ಸಿಗದೆ ಕುಸಿದು ಕೂತೆ. ಬಸ್ಸು ಹೋಯಿತು.

"ಅಪ್ಪಾ, ಆಪರೇಷನ್ ಮಾಡಸ್ರಿ," ಎಂದೆ.

"ಕಾಲು ಹೋದ್ರ ಏನ್ ಮಾಡೂದು ತಾಯಿ?"

"ಉಸಿರ ಇಲ್ಲಂದ್ರ ಕಾಲ ತೊಗೊಂಡು ನಾ ಏನ್ ಮಾಡ್ಲಿ?"

ಮುಂದಿನ ಬಸ್ಸು ಬಂದಾಗ ಅಪ್ಪ ನನ್ನ ಕೈ ಹಿಡಿದು ಹತ್ತಿಸಿದ. ಮರುದಿನ ಮಗ್ಗಕ್ಕೆ ಇಳಿಯದೆ, ಆಪರೇಷನ್ನಿಗೆ ದಿನ ಗೊತ್ತುಮಾಡಲು ಹೈದರಾಬಾದಿಗೆ ಹೊರಟ.

ಆಪರೇಷನ್ ಮುಗಿದು ಎಚ್ಚರವಾದಾಗ ಡಾಕ್ಟರು ಕಾಲ್ಬೆರಳು ಆಡಿಸಲು ಹೇಳಿದರು. ಎರಡೂ ಕಾಲಿನವು ಆಡಿದವು. ಆ ಸುದ್ದಿ ಕೇಳಿ ಹೊರಗಿದ್ದ ಅಪ್ಪ ನೆಲದ ಮೇಲೆ ಕೂತು ಅತ್ತುಬಿಟ್ಟನಂತೆ. ನೋವಂತೂ ಹೇಳತೀರದು. ಮೊದಲ ಸಲ ಎದ್ದು ನಿಂತಾಗ ಕಣ್ಣು ಕತ್ತಲೆ ಬಂತು, ನರ್ಸಮ್ಮನ ಕೈ ಹಿಡಿದು ನಡೆದೆ. ಮರುದಿನ ಕೈ ಬಿಡಿಸಿಕೊಂಡು ನಡೆದೆ. ಇನ್ನು ಬೆನ್ನು ಮೊದಲಿನಂತೆ ಬಾಗುವುದಿಲ್ಲ ಎಂದರು. ಬಾಗದಿದ್ದರೆ ಬೇಡ, ಕೆಳಗೆ ಬಿದ್ದದ್ದನ್ನು ಮೊಣಕಾಲು ಮಡಿಸಿ ಎತ್ತಿಕೊಳ್ಳುತ್ತೇನೆ.

ಮನೆಗೆ ಬಂದು ಕೆಲವು ತಿಂಗಳಿಗೆ ದಸರೆ ಬಂತು. ಪೆಟ್ಟಿಗೆಯಲ್ಲಿದ್ದ ಹಳೆಯ ಲಂಗ ಉಟ್ಟು ನಿಂತೆ. ಅದರ ಎಡಗಡೆಯ ಅಂಚು ನೆಲದ ಮೇಲೆ ಬಿದ್ದಿತ್ತು. ಅವ್ವ ಕುಕ್ಕರುಗಾಲಲ್ಲಿ ಕೂತು ಟೇಪು ಹಿಡಿದಳು. ಎಡಗಡೆ ಅಳೆದಳು, ಬಲಗಡೆ ಅಳೆದಳು. ನಂಬಿಕೆ ಬರದೆ ಮತ್ತೆ ಎಡಗಡೆ ಅಳೆದಳು.

"ಇನ್ನ ಮ್ಯಾಲ ಒಂದ ಕಡಿ ಅಳತಿ ಸಾಕು," ಎಂದು ಟೇಪು ಸುತ್ತಿಟ್ಟಳು.