ಮುಂಬೈ ಮೆಚ್ಚಿದ ಕುರಿ

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ಉಳಿದವರನ್ನು ಆಡಿಕೊಳ್ಳಲು ನನಗೆ ಅನುಕೂಲ. ಎಂಬತ್ತರ ದಶಕದ ನಡುವಿನ ಒಂದು ಮಧ್ಯಾಹ್ನ, ಇಳಕಲ್ಲಿನ ಚಹಾದಂಗಡಿಯೊಂದರಲ್ಲಿ, ನಾಲ್ಕು ಮಂದಿ ಗೆಳೆಯರನ್ನು ನಗಿಸುವ ಸಲುವಾಗಿ ನಾನು ಒಂದು ಇಡೀ ಕುರಿ ಹಿಂಡಿನ ದನಿಯನ್ನು ಅಳಿಸಿ ಹಾಕಿದೆ. ಕ್ಯಾಸೆಟ್ಟನ್ನು ಮಗ್ಗುಲು ತಿರುವಿ ಹಾಕಿದ್ದೇನೆ ಎಂದುಕೊಂಡಿದ್ದೆ, ತಿರುವಿರಲಿಲ್ಲ. ಕುರಿಗಳಿದ್ದ ಜಾಗದಲ್ಲಿ ನಮ್ಮ ಹೈಸ್ಕೂಲಿನ ಹೆಡ್ ಮಾಸ್ತರರು ನನ್ನ ಬಾಯಿಂದ ಪ್ರಾರ್ಥನೆಯ ಹೊತ್ತಿನ ಭಾಷಣ ಮಾಡಿ ಮುಗಿಸಿದರು. ಗೆಳೆಯರು ಬಿದ್ದು ಬಿದ್ದು ನಕ್ಕರು. ಇನ್ನೊಮ್ಮೆ ಕೇಳೋಣವೆಂದು ಹಿಂದಕ್ಕೆ ತಿರುಗಿಸಿದಾಗ, ಭಾಷಣ ಮುಗಿದ ಮೇಲೆ ಅರ್ಧ ಸೆಕೆಂಡು ಒಂದು ಕುರಿಮರಿ 'ಮ್ಯಾ' ಎಂದಿತು. ಉಳಿದದ್ದು ಅಷ್ಟೇ. ನನ್ನ ಚಹಾ ಆರಿತು.

ಆ ಕ್ಯಾಸೆಟ್ಟು ಹುನಗುಂದದ ನಮ್ಮ ಡ್ರಾಯಿಂಗ್ ಮಾಸ್ತರರದು. ಸೋದರಮಾವನ ಮನೆಯಲ್ಲಿದ್ದು ಅಲ್ಲಿನ ಸಾಲಿಯಲ್ಲಿ ಓದುವಾಗ, ನಾನು ಬರೆದ ಮಾವಿನಕಾಯಿಯನ್ನು ಬಹಳ ಹೊತ್ತು ನೋಡಿ, "ಬದನಿಕಾಯಿ ಚೊಲೊ ಬಂದೈತಿ" ಎಂದವರು ಅವರೇ. ಅದಾದ ಮೇಲೆ ನಾನು ಚಿತ್ರ ಬಿಟ್ಟು ಮಂದಿಯ ದನಿಯ ನಕಲು ತೆಗೆಯುವ ಕಲೆಗೆ ಇಳಿದೆ. ಪಿಯುಸಿಯಲ್ಲಿ ಎರಡು ಸಲ ನಪಾಸಾಗಿ, ಇಳಕಲ್ಲಿನಲ್ಲಿ ಅಪ್ಪನ ಸೀರೆ ಅಂಗಡಿಯಲ್ಲಿ ಕುಳಿತೆ. ಗಿರಾಕಿ ಮೆಟ್ಟಿಲಿಳಿದ ಕೂಡಲೇ ಅವರ ಚೌಕಾಸಿಯನ್ನು ಅವರದೇ ದನಿಯಲ್ಲಿ ಒಪ್ಪಿಸುತ್ತಿದ್ದೆ. "ಮೂಲಿ ದಾಟೂತನಕರ ತಡಿಯಲೇ" ಎಂದು ಅಪ್ಪ ಬೇಡಿಕೊಳ್ಳುತ್ತಿದ್ದ. ನನ್ನ ಪ್ರತಿಭೆಗೆ ಮನೆಯಲ್ಲಿದ್ದ ಬೆಲೆ ಅದು.

ಮಾಸ್ತರರಿಗೆ ಒಂದು ಹುಚ್ಚಿತ್ತು. ಚಿತ್ರಗಳನ್ನು ಓಡಾಡಿಸುವ ಹುಚ್ಚು. ತೆಳ್ಳನೆಯ ಹಾಳೆಯ ಮೇಲೆ ಒಂದು ಕುರಿ ಬರೆಯುವುದು, ಅದರ ಮೇಲೆ ಇನ್ನೊಂದು ಹಾಳೆ ಇಟ್ಟು ಅದೇ ಕುರಿಯ ಕಾಲನ್ನು ಒಂದು ಎಳ್ಳಿನಷ್ಟು ಮುಂದೆ ಬರೆಯುವುದು. ಹೀಗೆ ಹನ್ನೆರಡು ಹಾಳೆ ಕೆಡಿಸಿದರೆ ಪರದೆಯ ಮೇಲೆ ಕುರಿ ಒಂದು ಸೆಕೆಂಡು ನಡೆಯುತ್ತದೆ. ಸಾಲಿ ಬಿಟ್ಟ ಮೇಲೆ ದಿನವೂ ಇದೇ ಕೆಲಸ, ನಾಲ್ಕು ವರ್ಷ. ಕುರಿ ಮೂರೂವರೆ ನಿಮಿಷ ನಡೆಯಿತು. ಸರಿಬಾರದ ಕುರಿಗಳನ್ನೆಲ್ಲ ಅವರ ಹೆಂಡತಿ ಅಡುಗೆಮನೆಯ ಡಬ್ಬಿಗಳ ತಳಕ್ಕೆ ಹಾಸಿದ್ದರು. ಅವರ ಮನೆಯಲ್ಲಿ ಯಾವ ಬೇಳೆ ಮುಗಿದರೂ ಒಂದು ಕುರಿ ಕಾಣುತ್ತಿತ್ತು.

ಬರೆದದ್ದು ಎಲ್ಲಿಯೋ ಕಂಡ ಕುರಿಯನ್ನಲ್ಲ. ಕೆರೂರಿನ ಹೊರಗಿನ ಕುರುಬರ ಹಟ್ಟಿಯೊಂದರಲ್ಲಿ ಒಬ್ಬ ಮುದುಕಿಯ ಹಿಂಡಿತ್ತು. ಸಂಜೆ ಕುರಿಗಳು ಮೇಯ್ದು ಬಂದಾಗ, ಹಗಲೆಲ್ಲ ಕೂಡಿಹಾಕಿದ್ದ ಮರಿಗಳನ್ನು ಒಮ್ಮೆಲೇ ಬಿಡುತ್ತಾರೆ. ನೂರು ತಾಯಿ, ನೂರು ಮರಿ, ನೋಡುವವರಿಗೆ ಎಲ್ಲವೂ ಒಂದೇ. ಆದರೆ ತಾಯಿ ಕೂಗಿದ್ದಕ್ಕೆ ಆ ತಾಯಿಯ ಮರಿಯೇ ಓಡಿಬರುತ್ತದೆ. ಮಾಸ್ತರರ ಸಿನಿಮಾ ಎಂದರೆ ಇಷ್ಟೇ. ಒಂದು ಮರಿ ತಪ್ಪು ತಾಯಂದಿರ ನಡುವೆ ಅಲೆಯುತ್ತದೆ, ಕರಿಮೂತಿಯ ಕುಂಟು ತಾಯಿ ಕೂಗುತ್ತದೆ, ಮರಿ ಸಿಗುತ್ತದೆ.

ಬರೆಯುತ್ತೇನೆ ಎಂದು ಮೊದಲ ಸಲ ಕೇಳಿದಾಗ ಮುದುಕಿ ಒಂದು ಷರತ್ತು ಹಾಕಿದ್ದಳಂತೆ. "ಬರೀರಿ ಮಾಸ್ತರ. ನಾ ನೋಡಿ, ಇದು ನಮ್ಮ ಕರಿಮೂತಿ ಅಂತ ಗುರ್ತ ಹಿಡದ್ರ ನೀವು ಬರದ್ರಿ ಅಂತ. ಇಲ್ಲಂದ್ರ ಹಾಳಿ ಕೆಟ್ಟೂ ಅಂತ." ನಾಲ್ಕು ವರ್ಷ ಮಾಸ್ತರರ ತಲೆಯಲ್ಲಿದ್ದದ್ದು ಇದೊಂದೇ ಪರೀಕ್ಷೆ. ಬೇರೆಯವರ ಪರೀಕ್ಷೆಯ ಪೇಪರು ತಿದ್ದುವುದರಲ್ಲಿಯೂ ಅವರಿಗೆ ಅಷ್ಟು ಶ್ರದ್ಧೆ ಇರಲಿಲ್ಲ.

ಬಾಗಲಕೋಟೆಯ ಫೋಟೋ ಸ್ಟುಡಿಯೋದವರ ಹತ್ತಿರ, ಯಾರೋ ನೆಂಟರು ಪರದೇಶದಿಂದ ತಂದುಕೊಟ್ಟ ಸಣ್ಣ ಸಿನಿಮಾ ಕ್ಯಾಮೆರಾ, ಪ್ರೊಜೆಕ್ಟರು ಇದ್ದವು. ಅದರಲ್ಲಿ ಒಂದೊಂದೇ ಹಾಳೆಯನ್ನು ಹಿಡಿದು ರೀಲು ಮಾಡಿದರು. ರೀಲಿಗೆ ದನಿ ಇಲ್ಲ. ದನಿಗೆಂದು ನಮ್ಮ ಅಂಗಡಿಯ ಟೇಪ್ ರೆಕಾರ್ಡರು, ಅದರ ಹಿಂದೆ ನಾನು. ಮಾಸ್ತರರು ಕೆರೂರಿಗೆ ಹೋಗಿ ಮರಿ ಬಿಡುವ ಹೊತ್ತಿನ ದನಿ ಹಿಡಿದು ತಂದರು. ಅಲ್ಲಿಯೇ ಒಮ್ಮೆ ತಿರುಗಿಸಿ ಕೇಳಿಸಿದಾಗ ಕರಿಮೂತಿ ಮೇವು ಬಿಟ್ಟು ಬಂದು ರೆಕಾರ್ಡರನ್ನು ಮೂಸಿತಂತೆ. ಅದನ್ನು ಅವರು ಕಂಡಕಂಡವರಿಗೆ ಹೇಳಿದರು. ಕ್ಯಾಸೆಟ್ಟನ್ನು ನನ್ನ ಕೈಗಿಟ್ಟು, "ಜ್ವಾಕಿ ಅಲೇ, ಇದು ಜೀವಂತ ಐತಿ" ಎಂದರು. ಮುಂದಿನದು ನಿಮಗೆ ಗೊತ್ತಿದೆ.

ಹೇಳಿಬಿಡಬಹುದಿತ್ತು. ಅವರು ಇನ್ನೊಮ್ಮೆ ಕೆರೂರಿನ ಬಸ್ಸು ಹತ್ತುತ್ತಿದ್ದರು, ಅಷ್ಟೇ. ಆದರೆ ಹುನಗುಂದದಿಂದ ಇಳಕಲ್ಲಿನವರೆಗೆ ಎಲ್ಲರ ದನಿ ತೆಗೆಯುವ ನನಗೆ ಒಂದು ಕುರಿ ಯಾವ ಲೆಕ್ಕ? ಪಕ್ಕದ ಮನೆಯ ಹಿತ್ತಲಲ್ಲಿ ಒಂದು ಆಡು ಕಟ್ಟಿರುತ್ತಿತ್ತು. ಅದನ್ನು ಎರಡು ದಿನ ಗಮನವಿಟ್ಟು ಕೇಳಿದೆ. ಆಡು ಬೇರೆ, ಕುರಿ ಬೇರೆ ಎನ್ನುವುದು ನೇಕಾರರ ಓಣಿಯಲ್ಲಿ ಬೆಳೆದ ನನಗೆ ಊಟದ ಹೊತ್ತಿನಲ್ಲಿಯೂ ದೊಡ್ಡ ಸಂಗತಿಯಾಗಿರಲಿಲ್ಲ. ಸೀರೆ ಗಂಟುಗಳ ನಡುವೆ ಕುಳಿತು ತಾಯಿಯಾದೆ, ಮರಿಯಾದೆ, ನೂರು ಕುರಿಯಾದೆ. ಪರದೆ ಸರಿಸಿ ಇಣುಕಿದ ಅಪ್ಪ, "ಪಿಯುಸಿ ಮೂರನೇ ಸಲ ಕಟ್ಟಿದ್ರ ಆಗತಿತ್ತಲ್ಲೋ" ಎಂದು ಹಿಂದೆ ಸರಿದ.

ಮಾಸ್ತರರಿಗೆ ಗೊತ್ತಾಗಲಿಲ್ಲವೇ ಎಂದರೆ, ಅವರು ಯಾವಾಗಲೂ ಪ್ರೊಜೆಕ್ಟರಿನ ಪಕ್ಕದಲ್ಲಿರುತ್ತಿದ್ದರು. ಅದು ಜೋಳದ ಗಿರಣಿಯಂತೆ ಸದ್ದು ಮಾಡುತ್ತಿತ್ತು. "ದನಿ ಸ್ವಲ್ಪ ಬ್ಯಾರೆ ಅನಸ್ತೈತಲ್ಲಲೇ" ಎಂದು ಒಮ್ಮೆ ಕೇಳಿದರು. "ಸೆಲ್ ವೀಕ್ ಅದಾವ್ರಿ ಸರ" ಎಂದೆ. ನಂಬಿದರು. ಚಿತ್ರ ಬರೆಯುವವರು ಕಣ್ಣನ್ನು ಮಾತ್ರ ನಂಬುತ್ತಾರೆ ಎಂದು ನಾನು ಸಮಾಧಾನ ಮಾಡಿಕೊಂಡೆ. ಅವರು ನಂಬಿದ್ದು ನನ್ನನ್ನು ಎಂಬುದು ಹೊಳೆಯಲಿಲ್ಲ.

ಮುಂಬೈಯಲ್ಲಿ ವರ್ಷಕ್ಕೊಮ್ಮೆ ಇಂಥ ಸಿನಿಮಾಗಳದೇ ಒಂದು ಉತ್ಸವ ನಡೆಯುತ್ತಿತ್ತು. ಯಾವ ಕಂಪನಿಯ ಹಂಗೂ ಇಲ್ಲದೆ, ಮನೆಯ ಮೂಲೆಯಲ್ಲಿ ಒಬ್ಬೊಬ್ಬರೇ ಕುಳಿತು ಚಿತ್ರ ಓಡಿಸುವವರೆಲ್ಲ ಎರಡು ದಿನ ಒಂದೆಡೆ ಸೇರಿ, ಒಬ್ಬರದನ್ನು ಒಬ್ಬರು ನೋಡುವುದು. ಸ್ಟುಡಿಯೋದವರು ಬರೆದ ಕಾಗದಕ್ಕೆ, ಮುದುಕಿಗೆ ತೋರಿಸುವ ಮೊದಲೇ, ಮಾಸ್ತರರಿಗೆ ಅಲ್ಲಿಂದ ಕರೆ ಬಂತು. ಬಾಗಲಕೋಟೆಯಲ್ಲಿ ರೈಲು ಹತ್ತಿ, ಸೊಲ್ಲಾಪುರದಲ್ಲಿ ಬದಲಿಸಿ, ರೊಟ್ಟಿ, ಶೇಂಗಾ ಚಟ್ನಿ, ರೀಲು, ರೆಕಾರ್ಡರು ಸಮೇತ ಇಬ್ಬರೂ ಹೋದೆವು. ಮಾಸ್ತರರು ರೀಲಿನ ಡಬ್ಬಿಯನ್ನು ದಾರಿಯುದ್ದಕ್ಕೂ ಮಡಿಲಿನಿಂದ ಇಳಿಸಲಿಲ್ಲ.

ಮೂರನೆಯ ಮಹಡಿಯ ಸಭಾಂಗಣ. ಗಡ್ಡ, ಖಾದಿ ಜುಬ್ಬಾ, ಹೆಗಲಿಗೆ ಜೋಳಿಗೆ. ಮೊದಲು ನನಗೆ ಯಾವುದೋ ಮಠದ ಪ್ರಸಾದಕ್ಕೆ ಬಂದಂತಾಯಿತು. ಸಿನಿಮಾಗಳು ಶುರುವಾದವು. ಒಂದರಲ್ಲಿ ಒಂದು ಗೆರೆ ದುಂಡಗಾಯಿತು, ಆಮೇಲೆ ಮತ್ತೆ ಗೆರೆಯಾಯಿತು. ಇನ್ನೊಂದರಲ್ಲಿ ಬೆಂಕಿಕಡ್ಡಿಗಳು ಸಾಲಾಗಿ ನಿಂತು ಒಂದೊಂದಾಗಿ ಮಲಗಿದವು. ಮತ್ತೊಂದರಲ್ಲಿ ಒಂದು ಚುಕ್ಕೆ ಐದು ನಿಮಿಷ ಸುಮ್ಮನಿತ್ತು. ಮಾಸ್ತರರು ನನ್ನ ಕಿವಿಯಲ್ಲಿ, "ಇದು ಶುರು ಯಾವಾಗ ಆಗತೈತಿ?" ಎಂದು ಕೇಳುವಷ್ಟರಲ್ಲಿ ಮುಗಿದು ಚಪ್ಪಾಳೆ ಬಿತ್ತು. ಪ್ರತಿ ಸಿನಿಮಾದ ನಂತರ ಚರ್ಚೆ. ಸಿನಿಮಾ ಮೂರು ನಿಮಿಷ, ಚರ್ಚೆ ಅರ್ಧ ತಾಸು. ಮಾತಿಗೆ ಮೊದಲು ಕನ್ನಡಕ ತೆಗೆದು, ಕಣ್ಣು ಮುಚ್ಚಿ, ನಾಲ್ಕು ಸಲ ಉಸಿರಾಡುವ ಒಬ್ಬ ಹಿರಿಯರಿದ್ದರು. ಚಹಾದ ಹೊತ್ತಿಗೆ ಅವರು ನನಗೆ ಪೂರ್ತಿ ಬಂದುಬಿಟ್ಟಿದ್ದರು. ಮೆಟ್ಟಿಲ ಮೇಲೆ ನಿಂತು ಕನ್ನಡಕವಿಲ್ಲದೆಯೇ ಕನ್ನಡಕ ತೆಗೆದು ತೋರಿಸಿದೆ. ಮಾಸ್ತರರು ನಕ್ಕು, "ಬಿಡಲೇ, ನಮ್ಮದನ್ನ ನೋಡೂತನಕರ ಅವರ ಮರ್ಯಾದಿ ಉಳಸು" ಎಂದರು.

ನಮ್ಮದು ಬಂತು. ಮಾಸ್ತರರು ಪ್ರೊಜೆಕ್ಟರಿನ ಹತ್ತಿರ, ನಾನು ಪರದೆಯ ಪಕ್ಕ. ಬಿಳಿ ಚುಕ್ಕೆ ಕಾಣಿಸಿದ ಕೂಡಲೇ ಗುಂಡಿ ಒತ್ತಿದೆ. ಇಳಕಲ್ಲಿನ ಆಡು ಮುಂಬೈಯ ಮೂರನೆಯ ಮಹಡಿಯಲ್ಲಿ ಒದರತೊಡಗಿತು. ಮುಗಿದಾಗ ಜೋರು ಚಪ್ಪಾಳೆ. ಕನ್ನಡಕದ ಹಿರಿಯರು ಎದ್ದರು, ನಾಲ್ಕು ಉಸಿರಾದ ಮೇಲೆ ಹಿಂದಿಯಲ್ಲಿ ಹೇಳಿದರು: ಚಿತ್ರಗಳು ಚೆನ್ನಾಗಿವೆ, ಆದರೆ ತಮ್ಮನ್ನು ಅಲುಗಾಡಿಸಿದ್ದು ಆ ದನಿ, ಅದು ಮಣ್ಣಿನೊಳಗಿಂದ ಬಂದದ್ದು, ಯಾವ ಮನುಷ್ಯನೂ ಹುಟ್ಟಿಸಲಾರದ್ದು. ಇದಕ್ಕಾಗಿ ಕುರುಬರ ಜೊತೆ ಎಷ್ಟು ತಿಂಗಳು ಬಾಳಿದಿರಿ ಎಂದು ಕೇಳಿದರು. ಮಾಸ್ತರರು ಇದ್ದದ್ದನ್ನು ಇದ್ದ ಹಾಗೆ, "ಒಂದು ಸಂಜೆ" ಎಂದರು. ಅದನ್ನು ವಿನಯವೆಂದು ತಿಳಿದು ಮತ್ತೆ ಚಪ್ಪಾಳೆ ಹೊಡೆದರು. ನಾನು ಹುಟ್ಟಿದಾಗಿನಿಂದ ಅಂಥ ಮೆಚ್ಚುಗೆ ಕೇಳಿರಲಿಲ್ಲ. ಅದನ್ನು ನನ್ನದೆಂದು ಹೇಳಿಕೊಳ್ಳುವಂತಿರಲಿಲ್ಲ.

ಎರಡನೆಯ ದಿನ ಪ್ರಶಸ್ತಿಪತ್ರ ಕೊಟ್ಟರು, ದನಿಗಾಗಿ.

ಮರಳುವ ರೈಲಿನಲ್ಲಿ ಮಾಸ್ತರರು ಪ್ರಶಸ್ತಿಪತ್ರವನ್ನು ಇನ್ನೊಮ್ಮೆ ಓದಿ ಮಡಿಸಿದರು. "ನಾಲ್ಕು ವರ್ಷ ಬರದಾಂವ ನಾ. ಅವರು ನೋಡ್ಲೇ ಇಲ್ಲಲೇ. ಬರೇ ಕೇಳಿಬಿಟ್ರು." ನಾನು ರೊಟ್ಟಿ ಮುರಿಯುತ್ತಿದ್ದೆ, ಮುರಿಯುತ್ತಲೇ ಇದ್ದೆ. ಆಮೇಲೆ ಅವರೇ ಹಗುರಾದರು. "ಇರ್ಲಿ ಬಿಡು. ನೋಡಾಕಿ ಕೆರೂರಾಗ ಅದಾಳ."

ಮುರಿದ ರೊಟ್ಟಿಯನ್ನು ನಾನು ಮತ್ತೆ ಬುತ್ತಿಗೆ ಕಟ್ಟಿದೆ.

ಮುಂದಿನ ರವಿವಾರ ಹಟ್ಟಿಯ ಹತ್ತಿರದ ಸಾಲಿಯ ಕೋಣೆಯಲ್ಲಿ ಸಿನಿಮಾ. ನಡುಹಗಲು. ಕತ್ತಲಿಗೆಂದು ಕುರುಬರು ತಮ್ಮ ಕರಿ ಕಂಬಳಿಗಳನ್ನೇ ಕಿಟಕಿಗಳಿಗೆ ಕಟ್ಟಿದರು. ಗೋಡೆಗೆ ಮಾಸ್ತರರ ಧೋತರ. ಮುದುಕಿ ಮುಂದೆ ನೆಲದ ಮೇಲೆ ಕುಳಿತಳು, ಮಕ್ಕಳು ಮೊಮ್ಮಕ್ಕಳು ಹಿಂದೆ. ಹಿಂಡು ಹೊರಗಿನ ಬೇವಿನ ನೆರಳಲ್ಲಿ, ಬಾಗಿಲಲ್ಲಿ ಅವರ ನಾಯಿ ಕಾಲು ಚಾಚಿ ಮಲಗಿತ್ತು.

ಬಿಳಿ ಚುಕ್ಕೆ ಬಂತು. ನಾನು ಗುಂಡಿ ಒತ್ತಲಿಲ್ಲ. ವೈರು ಹುಡುಕುವವನಂತೆ ಬಗ್ಗಿದೆ. ಪರದೆಯ ಮೇಲೆ ಕುರಿಗಳು ಸದ್ದಿಲ್ಲದೆ ಬಂದವು. ಕರಿಮೂತಿ ಹಿಂಗಾಲು ಎಳೆಯುತ್ತ ಬಂತು.

"ಅಯ್ಯ, ನಮ್ಮ ಕರಿಮೂತಿ" ಎಂದಳು ಮುದುಕಿ. "ಕಾಲ ನೋಡ್ರಿ. ಹಂಗ ಎಳೀತೈತಿ ಅದು. ಬೀರಪ್ಪನಾಣಿ, ಅದ ಐತಿ."

ಮಾಸ್ತರರ ಮುಖವನ್ನು ಪ್ರೊಜೆಕ್ಟರಿನ ಬೆಳಕಿನಲ್ಲಿ ನೋಡಿದೆ. ಆ ಮುಖದ ನಕಲು ಮಾಡಲು ನನಗೆ ಇವತ್ತಿಗೂ ಬಂದಿಲ್ಲ. ಅವರು ಖುಷಿಯಲ್ಲಿ ರೀಲನ್ನು ಮೊದಲಿಗೆ ಸುತ್ತಿ, "ದನಿ ಹಚ್ಚಲೇ, ದನಿ ಹಚ್ಚು, ಈಗ ಪೂರಾ ನೋಡ್ಲಿ" ಎಂದರು. ಹಚ್ಚಿದೆ.

ಕರಿಮೂತಿ ಬಾಯಿ ತೆರೆದು ನನ್ನ ದನಿಯಲ್ಲಿ ಕೂಗಿತು. ಮಲಗಿದ್ದ ನಾಯಿ ದಡಕ್ಕನೆ ಎದ್ದು ಒಳಗೆ ನುಗ್ಗಿ, ರೆಕಾರ್ಡರಿಗೆ ಮುಖ ಕೊಟ್ಟು ಬೊಗಳತೊಡಗಿತು. ಹುಡುಗರು ಅದನ್ನು ಹೊರಗೆಳೆದರು. ಅದು ಹೊರಗಿನಿಂದಲೇ ಬೊಗಳಿತು. ಮುದುಕಿ ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ಕೇಳಿದಳು.

"ಇಲ್ಲ ಬಿಡ್ರಿ ಮಾಸ್ತರ. ನಂದ ತಪ್ಪಾತು. ಕಣ್ಣು ಮಂಜ ಅದಾವು. ಇದು ನಮ್ಮದಲ್ಲ."

"ಕಾಲು ಎಳೀತೈತಿ ಅಂದ್ಯಲ್ಲ ಯವ್ವಾ" ಎಂದರು ಮಾಸ್ತರರು.

"ಕುಂಟು ಕುರಿ ರಗಡ ಇರ್ತಾವ್ರಿ. ದನಿ ಸುಳ್ಳ ಹೇಳಂಗಿಲ್ಲ."

ಮಾಸ್ತರರು ಪ್ರೊಜೆಕ್ಟರು ಆರಿಸಿದರು. ರೀಲು ಬಿಚ್ಚತೊಡಗಿದರು. ನಾಲ್ಕು ವರ್ಷದ ಹಾಳೆ ಕೆಟ್ಟಿತು ಎಂದು ಅವರು ಒಪ್ಪಿಕೊಂಡದ್ದು ಆ ಬೆರಳುಗಳಲ್ಲಿ ಕಾಣುತ್ತಿತ್ತು. ಸುಮ್ಮನಿದ್ದರೆ ನನ್ನ ಗುಟ್ಟು ಉಳಿಯುತ್ತಿತ್ತು.

"ದನಿ ಅದರದಲ್ರಿ ಸರ" ಎಂದೆ. "ನಂದು. ಕ್ಯಾಸೆಟ್ ಅಳಿಸಿದ್ದೆ. ಮುಂಬೈದಾಗೂ ನಾನ ಒದರಿದ್ದು."

ಮಾಸ್ತರರು ನನ್ನನ್ನು ನೋಡಿದರು. ಬೈಯುತ್ತಾರೆ ಎಂದು ಕಾದೆ. ಅವರು ಮುದುಕಿಯ ಕಡೆ ತಿರುಗಿದರು, "ಹಂಗಾರ?" ಎನ್ನುವಂತೆ.

"ಹಂಗಾರ ಕುರಿ ನಮ್ಮದರಿ" ಎಂದಳು ಮುದುಕಿ. "ಇನ್ನೊಮ್ಮೆ ಹಚ್ರಿ. ಇವಂದು ಬಂದ್ ಮಾಡಿ ಹಚ್ರಿ."

ರೀಲು ಮತ್ತೆ ತಿರುಗಿತು. ಕರಿಮೂತಿ ಬಾಯಿ ತೆರೆದಾಗ ಮುದುಕಿ ಮರಿ ಬಿಡುವ ಹೊತ್ತಿನಲ್ಲಿ ಕರೆಯುವಂತೆ ತಾನೇ ಅದನ್ನು ಕರೆದಳು. ಹೊರಗೆ ಬೇವಿನ ಕೆಳಗಿಂದ ನಿಜವಾದ ಕರಿಮೂತಿ ಓಗೊಟ್ಟಿತು. ಮಾಸ್ತರರು ಪ್ರೊಜೆಕ್ಟರಿನ ಮೇಲೆ ಕೈಯಿಟ್ಟು ನಿಂತೇ ಇದ್ದರು. ಬಿಸಿಯಾಗಿದ್ದದ್ದು ಗೊತ್ತಾಗಿರಲಿಲ್ಲ, ಆಮೇಲೆ ಬೆರಳಿಗೆ ಎಣ್ಣೆ ಹಚ್ಚಿಕೊಂಡರು.

ಅಷ್ಟಕ್ಕೇ ಸುಮ್ಮನಿದ್ದರೆ ನಾನು ನಾನಾಗುತ್ತಿರಲಿಲ್ಲ. ಎಲ್ಲರೂ ಕಂಬಳಿ ಬಿಚ್ಚುತ್ತಿದ್ದರು. ಮೂರನೆಯ ಮಹಡಿಯ ಚಪ್ಪಾಳೆ ಕಿವಿಯಲ್ಲಿ ಇನ್ನೂ ಇತ್ತು.

"ನೀ ಏನರ ಅನ್ನು ಯವ್ವಾ" ಎಂದೆ. "ಮುಂಬೈದಾಗ ಕಲ್ತ ಮಂದಿ, ಕುರ್ಚಿ ತುಂಬ ಕುಂತು ಕೇಳಿ, ಇದ ಖರೆ ಕುರಿ ದನಿ ಅಂತ ಎದ್ದ ನಿಂತು ಚಪ್ಪಾಳಿ ಹೊಡದಾರ."

ಮುದುಕಿ ಕಂಬಳಿಯನ್ನು ಝಾಡಿಸಿ ಹೆಗಲಿಗೆ ಹಾಕಿಕೊಂಡಳು.

"ಹೊಡದಿರಬೇಕೋ ತಮ್ಮಾ. ನಮ್ಮ ನಾಯಿ ಕುರೀಗೆ ಬೊಗಳಂಗಿಲ್ಲ."