ಹೋಟೆಲಿನಲ್ಲಿ ರಿಲೇ ಅಕ್ಕ
ಮೈದಾನದಲ್ಲಿ ಮೂವರು ಓಡಿ ಬ್ಯಾಟನ್ ತರುವವರೆಗೂ ಕಲ್ಲಿನಂತೆ ಕಾಯುವ ಕಾಲೇಜು ತಂಡದ ರಿಲೇ ಅಕ್ಕನಿಗೆ ಹೋಟೆಲಿನಲ್ಲಿ ಮಾತ್ರ ಎಲ್ಲಿಲ್ಲದ ಅವಸರ. ಕುರ್ಚಿಯ ತುದಿಯಲ್ಲೇ ಕೂರುತ್ತಾಳೆ. ಮೆನು ಮುಟ್ಟುವುದಿಲ್ಲ, "ಅಣ್ಣಾ, ಯಾವ್ದು ಬೇಗ ಆಗುತ್ತೋ ಅದೇ ಕೊಡಿ" ಎನ್ನುತ್ತಾಳೆ. ಸಪ್ಲೈಯರ್ "ಎರಡೇ ನಿಮಿಷ" ಎಂದರೆ ಕೈಗಡಿಯಾರದ ಗುಂಡಿ ಒತ್ತಿ, "ಅಷ್ಟರಲ್ಲಿ ನಾನು ಎಂಟುನೂರು ಮೀಟರ್ ಓಡಿ ಬರ್ತೀನಿ" ಎಂದು ಗೊಣಗುತ್ತಾಳೆ. ಪಕ್ಕದ ಮೇಜಿಗೆ ಮೊದಲು ತಟ್ಟೆ ಹೋದರಂತೂ ಮುಗಿದೇ ಹೋಯಿತು, ಆಕಾಶವೇ ತಲೆಯ ಮೇಲೆ ಬಿದ್ದಂತೆ ಆಡುತ್ತಾಳೆ. ನಿನ್ನೆ ಫೈನಲ್ ಸೋತು ಬಂದಾಗಲೂ ಇದೇ ರಂಪ. ನಲವತ್ತು ನಿಮಿಷ ಕಳೆದು ಒಂದೇ ಒಂದು ತಟ್ಟೆ ಬಂತು. ಅಕ್ಕ ಅದನ್ನು, ಓಟದಲ್ಲಿ ಬ್ಯಾಟನ್ ಬೀಳಿಸಿ ಆಗಿನಿಂದ ಮುಖ ಬಾಡಿಸಿಕೊಂಡು ಕುಳಿತಿದ್ದ ಕಿರಿಯ ಹುಡುಗಿಯ ಕೈಗಿಟ್ಟು, "ಇದನ್ನಾದ್ರೂ ಗಟ್ಟಿಯಾಗಿ ಹಿಡ್ಕೊಳ್ಳೇ" ಎಂದಳು. ಹುಡುಗಿ ಕಿಸಕ್ಕನೆ ನಕ್ಕಳು. ಅಕ್ಕ ಸಪ್ಲೈಯರ್ ಕಡೆ ತಿರುಗಿದಳು: "ನಂದು ನಿಧಾನಕ್ಕೆ ಬರ್ಲಿ ಅಣ್ಣಾ, ನಾನು ಯಾವಾಗ್ಲೂ ಕೊನೇಲೇ ಓಡೋಳು."